ಪರಿಶ್ರಮವೇ ಪರಿಹಾಸ್ಯವಾದಾಗ

ಚೆನ್ನಾಗಿ ಓದುವ ಸಹಪಾಠಿಯನ್ನು ಕೆಣಕಲು ಮಕ್ಕಳು ಬಳಸುವ ಪದಗಳನ್ನು ಗಮನಿಸಿರಿ. ಜರ್ಮನಿಯಲ್ಲಿ ಅವನು 'ಷ್ಟ್ರೇಬರ್', ಅಂದರೆ ಶ್ರಮಿಸುವವನು. ಇಂಗ್ಲೆಂಡಿನ 'ಸ್ವಾಟ್' ಎಂಬುದು ಬೆವರು ಎಂಬರ್ಥದ ಪದದ ಪ್ರಾದೇಶಿಕ ರೂಪ. ನಮ್ಮಲ್ಲಿ 'ಕುಡುಮಿ'. ಇಲ್ಲೆಲ್ಲ ಅಣಕಕ್ಕೆ ಗುರಿಯಾಗಿರುವುದು ಅಂಕವಲ್ಲ, ಪರಿಶ್ರಮ. ಓದದೆಯೇ ಪ್ರಥಮ ಸ್ಥಾನ ಪಡೆದೆನೆಂದು ಹೇಳಿಕೊಳ್ಳುವವನನ್ನು ತರಗತಿಯು ಮೆಚ್ಚುಗೆಯಿಂದಲೇ ನೋಡುತ್ತದೆ. ಹೀಗಾಗಿ ಪ್ರತಿಭಾವಂತ ಮಗು ರಾತ್ರಿ ಓದಿದ್ದನ್ನು ಬೆಳಿಗ್ಗೆ ಬಚ್ಚಿಡಲು ಕಲಿಯುತ್ತದೆ. ಉತ್ತರ ತಿಳಿದಿದ್ದರೂ ಕೈಯೆತ್ತುವುದಿಲ್ಲ.

ಇದಕ್ಕೆ ಒಂದು ಜನಾಂಗದ ಸಂಸ್ಕೃತಿಯನ್ನೇ ಹೊಣೆಯಾಗಿಸುವುದು ಸುಲಭ. ಅಮೆರಿಕದಲ್ಲಿ ಹಾಗೆಯೇ ಆಯಿತು. 1986ರಲ್ಲಿ ಸಿಗ್ನಿಥಿಯಾ ಫೋರ್ಡ್‌ಹ್ಯಾಮ್ ಮತ್ತು ಜಾನ್ ಓಗ್ಬು ಎಂಬ ಮಾನವಶಾಸ್ತ್ರಜ್ಞರು ವಾಷಿಂಗ್ಟನ್‌ನ ಪ್ರೌಢಶಾಲೆಯೊಂದನ್ನು ಕುರಿತು ಬರೆದರು. ಅಲ್ಲಿನ ಕಪ್ಪು ವಿದ್ಯಾರ್ಥಿಗಳಲ್ಲಿ ಓದಿನಲ್ಲಿ ಮುಂದಿರುವವರು 'ಬಿಳಿಯರಂತೆ ನಟಿಸುವವರು' ಎಂಬ ನಿಂದೆಗೆ ಅಂಜುತ್ತಿದ್ದರು. ಇತಿಹಾಸದ ಗಾಯವೇ ಇದರ ಮೂಲವೆಂದು ಲೇಖಕರು ವಿವರಿಸಿದ್ದರು. ಆದರೆ ಅನೇಕರು ಗಾಯವನ್ನು ಮರೆತು ನಿಂದೆಯನ್ನಷ್ಟೇ ನೆನಪಿಟ್ಟುಕೊಂಡರು. ಕಪ್ಪು ಸಮುದಾಯಕ್ಕೆ ವಿದ್ಯೆಯೇ ಬೇಡವೆಂದು ತೀರ್ಪಿತ್ತರು.

ಇಪ್ಪತ್ತು ವರ್ಷಗಳ ನಂತರ ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್, ವಿದ್ಯಾರ್ಥಿಗಳು ಗೆಳೆಯರೆಂದು ಹೆಸರಿಸಿದವರ ರಾಷ್ಟ್ರಮಟ್ಟದ ಮಾಹಿತಿಯನ್ನು ಪರಿಶೀಲಿಸಿದರು. ಬಿಳಿಯರೂ ಕರಿಯರೂ ಬೆರೆತ ಶಾಲೆಗಳಲ್ಲಿ ಅಂಕ ಬಹಳ ಏರಿದಂತೆ ಕಪ್ಪು ವಿದ್ಯಾರ್ಥಿಯ ಗೆಳೆಯರು ಕಡಿಮೆಯಾಗುತ್ತಿದ್ದರು. ಕಪ್ಪು ವಿದ್ಯಾರ್ಥಿಗಳೇ ಬಹುಸಂಖ್ಯೆಯಲ್ಲಿದ್ದ ಶಾಲೆಗಳಲ್ಲಿ ಹಾಗಾಗುತ್ತಿರಲಿಲ್ಲ. ಮೊದಲ ಅಧ್ಯಯನದ ಶಾಲೆ ಬಹುತೇಕ ಕಪ್ಪು ವಿದ್ಯಾರ್ಥಿಗಳದೇ ಆಗಿತ್ತು ಎಂಬುದು ನಿಜ. ವಾದ ಅಲ್ಲಿಗೇ ಮುಗಿಯದು. ಆದರೂ ಶಾಲೆ ಬದಲಾದರೆ ನಿಂದೆಯೂ ಬದಲಾಗುವುದಾದರೆ, ಅದನ್ನು ರಕ್ತಗುಣವೆನ್ನಲು ಹೇಗೆ ಸಾಧ್ಯ?

ದಕ್ಷಿಣ ಕೊರಿಯಾದಲ್ಲಿ ಇನ್ನೊಂದು ಪದ ಬಳಕೆಯಲ್ಲಿದೆ: 'ಅಮ್ಮನ ಗೆಳತಿಯ ಮಗ'. ಎಲ್ಲದರಲ್ಲೂ ಮುಂದಿರುವ, ತಾನೆಂದೂ ಕಂಡಿರದ ಹುಡುಗ ಅವನು. ಅವನನ್ನು ಮನೆಯೊಳಗೆ ಕರೆತಂದವಳು ತಾಯಿ! ಅಲ್ಲಿನ ಪ್ರೌಢಶಾಲೆಗಳ ಒಂಬತ್ತು ಶ್ರೇಣಿಗಳ ಪದ್ಧತಿಯಲ್ಲಿ ಮೊದಲ ಶ್ರೇಣಿ ಶೇಕಡಾ 4 ಮಂದಿಗೆ ಮಾತ್ರ ಮೀಸಲಾಗಿತ್ತು. ಪಕ್ಕದವನು ಒಳಹೊಕ್ಕರೆ ತಾನು ಹೊರಗುಳಿಯುವ ಲೆಕ್ಕಾಚಾರವನ್ನು ಹಿರಿಯರೇ ರೂಪಿಸಿಕೊಟ್ಟಿದ್ದರು. 2025ರಿಂದ ಶ್ರೇಣಿಗಳನ್ನು ಐದಕ್ಕಿಳಿಸಿ, ಮೊದಲನೆಯದನ್ನು ಶೇಕಡಾ 10ಕ್ಕೆ ವಿಸ್ತರಿಸಲಾಗಿದೆ.

ನಮ್ಮ ತರಗತಿಗಳಲ್ಲಿಯೂ ಉತ್ತರಪತ್ರಿಕೆಗಳನ್ನು ಅಂಕಗಳ ಇಳಿಕೆಯ ಕ್ರಮದಲ್ಲಿ, ಹೆಸರು ಕೂಗಿ ಹಂಚುವ ರೂಢಿಯಿದೆ. 'ಇವಳನ್ನು ನೋಡಿ ಕಲಿಯಿರಿ' ಎಂದು ನಾವು ಉಪಾಧ್ಯಾಯರು ಬೆರಳು ತೋರಿಸುತ್ತೇವೆ. ನಲವತ್ತು ಜೊತೆ ಕಣ್ಣುಗಳು ಅವಳತ್ತ ತಿರುಗುತ್ತವೆ. ವಿರಾಮದ ವೇಳೆಯಲ್ಲಿ ಆ ಕಣ್ಣುಗಳನ್ನು ಎದುರಿಸಬೇಕಾದವಳು ಅವಳೊಬ್ಬಳೇ. ಪತ್ರಿಕೆಗಳನ್ನು ಮಡಚಿ, ಹಾಜರಿಯ ಕ್ರಮದಲ್ಲಿ ಕೈಗಿತ್ತರೆ ಸಾಕು. ಅದಕ್ಕೆ ಯಾವ ಸುತ್ತೋಲೆಗೂ ಕಾಯಬೇಕಾಗಿಲ್ಲ.