ಎಣ್ಣೆಯಿಲ್ಲದೆ ಉರಿಯುವ ದೀಪ

ಹಿಮಾಚಲ ಪ್ರದೇಶದ ಕಾಂಗ್ರಾ ಜಿಲ್ಲೆಯ ಬೆಟ್ಟಗಳ ನಡುವೆ ಜ್ವಾಲಾಮುಖಿ ಎಂಬ ಊರಿದೆ. ಹೆಸರು ಕೇಳಿ ಅಗ್ನಿಪರ್ವತ ಎಂದುಕೊಳ್ಳಬೇಡಿ. ಅಲ್ಲಿರುವುದು ದೇವಿಯ ಗುಡಿ. ಶಿವನ ಮಡದಿ ಸತಿಯ ನಾಲಿಗೆ ಬಿದ್ದ ಸ್ಥಳ ಅದೆಂದು ಭಕ್ತರ ನಂಬಿಕೆ. ನವರಾತ್ರಿಯಲ್ಲಂತೂ ಯಾತ್ರಿಕರ ಸಾಲು ಬಲು ಉದ್ದ. ಕಾದು ಕಾದು ಗರ್ಭಗುಡಿ ತಲುಪಿದವರಿಗೆ ಅಲ್ಲಿ ವಿಗ್ರಹ ಕಾಣುವುದಿಲ್ಲ. ಬಂಡೆಯ ಬಿರುಕುಗಳಿಂದ ಹೊರಚಾಚಿದ ಪುಟ್ಟ ಜ್ವಾಲೆಗಳೇ ಅಲ್ಲಿ ದೇವಿ.

ಇಂಥ ಕಡೆ ಮಕ್ಕಳು ಸುಮ್ಮನಿರುವುದುಂಟೆ? “ಅಪ್ಪಾ, ಈ ದೀಪಕ್ಕೆ ಎಣ್ಣೆ ಹಾಕೋರು ಯಾರು?” ಎಂದು ಕೇಳಿಯೇ ಕೇಳುತ್ತಾರೆ. “ದೇವರ ಮುಂದೆ ಹಾಗೆಲ್ಲ ಕೇಳಬಾರದು, ಕೈ ಮುಗಿ” ಎಂಬ ಉತ್ತರವೂ ಸಿದ್ಧವಾಗಿರುತ್ತದೆ. ಅಲ್ಲಿಗೆ ಒಂದು ಒಳ್ಳೆಯ ಪ್ರಶ್ನೆ ಸತ್ತಿತು!

ಎಣ್ಣೆಯನ್ನು ಯಾರೂ ಹಾಕುವುದಿಲ್ಲ. ನೆಲದಾಳದ ಶಿಲಾಪದರಗಳಿಂದ ನೈಸರ್ಗಿಕ ಅನಿಲ ಬಿರುಕುಗಳ ಮೂಲಕ ಮೇಲೇರಿ ಬರುತ್ತದೆ. ಅದರಲ್ಲಿ ಮುಖ್ಯವಾಗಿರುವುದು ಮೀಥೇನ್. ನಮ್ಮ ಹಳ್ಳಿಗಳ ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಅದೇ. ಬೆಂಕಿ ಬಿರುಕಿನೊಳಕ್ಕೆ ಇಳಿಯುವುದಿಲ್ಲವೇಕೆ? ಉರಿಯಲು ಆಮ್ಲಜನಕ ಬೇಕು. ಅದು ಸಿಗುವುದು ಬಿರುಕಿನ ಬಾಯಲ್ಲಿ ಮಾತ್ರ.

ಗುಡಿಯ ಆವರಣದಲ್ಲೇ ಗೋರಖ್ ಡಿಬ್ಬಿ ಎಂಬ ಪುಟ್ಟ ಕುಂಡವಿದೆ. ನೀರು ಕೊತಕೊತ ಕುದಿಯುವಂತೆ ಕಾಣುತ್ತದೆ. ಮುಟ್ಟಿದರೆ ತಣ್ಣಗಿರುತ್ತದೆ! ಗೋಲಿ ಸೋಡಾದಲ್ಲೂ ಗುಳ್ಳೆ ಏಳುತ್ತವೆ, ಅದೇನು ಕುದಿಯುತ್ತದೆಯೇ? ಕುಂಡದ ಗುಳ್ಳೆಗಳು ಆವಿಯಲ್ಲ, ಕೆಳಗಿನಿಂದ ಬರುವ ಅನಿಲ.

ಈ ಜ್ವಾಲೆಯ ಜಾಡು ಹಿಡಿದು ಭೂವಿಜ್ಞಾನಿಗಳೂ ಇಲ್ಲಿಗೆ ಬಂದರು. 1957ರಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗ ಇಲ್ಲಿ ಬಾವಿ ಕೊರೆಯಿತು. ಅನಿಲದ ಸುಳಿವು ಸಿಕ್ಕಿತು. ಆದರೆ ಲಾಭಕ್ಕೆ ತೆಗೆಯುವಷ್ಟು ಸಿಗಲಿಲ್ಲ.

ಸಿಗದಿದ್ದುದೇ ಒಳ್ಳೆಯದಾಯಿತೇನೋ. ಅಜರ್‌ಬೈಜಾನಿನ ಬಾಕು ನಗರದ ಬಳಿ ಸುರಖಾನಿ ಎಂಬಲ್ಲಿ ಇಂಥದೇ ಅಗ್ನಿಮಂದಿರವಿದೆ. ಹಿಂದೆ ಭಾರತದ ವ್ಯಾಪಾರಿಗಳೂ ಸಾಧುಗಳೂ ಅಲ್ಲಿ ಪೂಜಿಸುತ್ತಿದ್ದರು. ಜ್ವಾಲಾಜಿಯ ಹೆಸರಿರುವ ದೇವನಾಗರಿ ಶಾಸನಗಳು ಅಲ್ಲಿ ಇಂದಿಗೂ ಇವೆ. ಸುತ್ತಲಿನ ತೈಲ, ಅನಿಲವನ್ನು ದಶಕಗಟ್ಟಲೆ ಬಗೆದು ತೆಗೆದುದರ ಫಲವಾಗಿ 1969ರಲ್ಲಿ ಅಲ್ಲಿನ ಸಹಜ ಜ್ವಾಲೆ ಆರಿಹೋಯಿತು. ಈಗ ಉರಿಯುವುದು ಕೊಳವೆಯಲ್ಲಿ ತಂದ ಅನಿಲ. ಭೂಮಿ ಲಕ್ಷಾಂತರ ವರ್ಷ ಕೂಡಿಟ್ಟ ಗಂಟು ಕರಗಲು ಒಂದು ಶತಮಾನವೇ ಸಾಕಾಯಿತು.

ಇಷ್ಟೆಲ್ಲ ತಿಳಿದರೆ ಭಕ್ತಿ ಕಡಿಮೆಯಾದೀತೆಂದು ಹೆತ್ತವರು ಅಂಜಬೇಕಿಲ್ಲ. ಮಳೆ ಹೇಗೆ ಬರುತ್ತದೆಂದು ತಿಳಿದ ರೈತ ಮಳೆಗೆ ಕೈ ಮುಗಿಯುವುದನ್ನು ಬಿಟ್ಟಿದ್ದಾನೆಯೇ? ಮಗು ಕೇಳಿದಾಗ ಉತ್ತರ ತಿಳಿದಿದ್ದರೆ ಹೇಳಿ. ತಿಳಿಯದಿದ್ದರೆ, “ನನಗೂ ಗೊತ್ತಿಲ್ಲ ಕಂದಾ, ಊರಿಗೆ ಹೋದ ಮೇಲೆ ನಿಮ್ಮ ಮೇಷ್ಟ್ರನ್ನು ಕೇಳೋಣ” ಎಂದರೂ ಸಾಕು. ಆಮೇಲೆ ಇಬ್ಬರೂ ಕೈ ಮುಗಿಯಬಹುದು.