ಆರು ಕೋಳಿಗೆ ನೂರು ಕೋಳಿಯ ಸೀಸೆ



ಕಳೆದ ಬೇಸಿಗೆಯಲ್ಲಿ ಕೆಂಕೆರೆಯ ಒಂದು ತೆಂಗಿನ ತೋಟಕ್ಕೆ ಹೋಗಿದ್ದೆ. ಗೊಬ್ಬರದ ಗುಂಡಿಯಲ್ಲಿ ಕುರುವಾಯಿ ದುಂಬಿಯ ಹುಳು ಎಷ್ಟಿದೆಯೆಂದು ನೋಡುವುದು ನನ್ನ ಕೆಲಸ. ಹಿಡಿ ಗೊಬ್ಬರ ತೆಗೆದರೆ ನಾಲ್ಕು ಹುಳು! "ಮೊದಲು ಇಷ್ಟಿರಲಿಲ್ಲ ಸ್ವಾಮಿ, ಗುಂಡಿ ಮಗುಚಿದರೆ ಕೋಳಿಗಳೇ ಹೆಕ್ಕಿ ತಿನ್ನುತ್ತಿದ್ದವು. ಈಗ ಕೋಳಿಯೇ ಇಲ್ಲ" ಎಂದರು ಮನೆಯ ಯಜಮಾನಿ. ಅವರ ಹದಿನಾಲ್ಕು ಕೋಳಿಗಳಲ್ಲಿ ಹನ್ನೆರಡು ಒಂದೇ ವಾರದಲ್ಲಿ ಸತ್ತಿದ್ದವು. ಹಸಿರು ಭೇದಿ, ಬಾಯಿ ತೆರೆದು ಏದುಸಿರು, ತಿರುಚಿಕೊಂಡ ಕತ್ತು. ಕೊಕ್ಕರೆ ರೋಗವೆಂದು ಹೇಳಲು ಹೆಚ್ಚು ಓದು ಬೇಕಿಲ್ಲ.

ಪುಸ್ತಕಗಳಲ್ಲಿ ಇದರ ಹೆಸರು ರಾಣಿಖೇತ್ ರೋಗ. 1926ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಕಂಡ ಈ ಪಿಡುಗು ಬಹುಬೇಗ ಹಿಮಾಲಯದ ಕಡೆಯ ರಾಣಿಖೇತ್‌ನಲ್ಲಿ ಗುರುತಿಸಲ್ಪಟ್ಟು, ನಮ್ಮ ದೇಶದಲ್ಲಿ ಆ ಹೆಸರಿನಿಂದಲೇ ಉಳಿಯಿತು. ವೈರಸ್‌ನಿಂದ ಬರುವ ರೋಗವಾದ್ದರಿಂದ ಬಂದ ಮೇಲೆ ಔಷಧಿಯಿಲ್ಲ. ಬೆಳ್ಳುಳ್ಳಿ, ಅರಿಶಿನ, ಅಂಗಡಿಯ ಮಾತ್ರೆ ಯಾವುದೂ ನಾಟದು. ಮುಂಚಿತವಾಗಿ ಹಾಕಿಸುವ ಲಸಿಕೆಯೊಂದೇ ದಾರಿ.

ಹಾಗಾದರೆ ಹಾಕಿಸುವುದಿಲ್ಲವೇಕೆ? ಹೆಂಗಸರ ಅಸಡ್ಡೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಲಸಿಕೆ ಪುಡಿಯ ರೂಪದಲ್ಲಿ ಸೀಸೆಯಲ್ಲಿ ಬರುತ್ತದೆ. ಒಂದು ಸೀಸೆ ನೂರು, ಇನ್ನೂರು ಕೋಳಿಗೋ ಅದಕ್ಕೂ ಹೆಚ್ಚಿಗೋ ಸಾಲುತ್ತದೆ. ತಂಪಿನಲ್ಲೇ ಇಡಬೇಕು. ದ್ರಾವಣದಲ್ಲಿ ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಆರು ಕೋಳಿ ಸಾಕಿದ ತಾಯಿ ಇದನ್ನು ತಂದು ಏನು ಮಾಡಿಯಾಳು? ಹಸುವಿಗಾದರೆ ಕಾಲುಬಾಯಿ ಲಸಿಕೆ ಮನೆ ಬಾಗಿಲಿಗೇ ಬರುತ್ತದೆ. ಇಂಗ್ಲೆಂಡಿನಲ್ಲಿ ಮುದ್ದಿಗೆ ಸಾಕುವ ಮೊಲಕ್ಕೂ ವರ್ಷಕ್ಕೊಮ್ಮೆ ಚುಚ್ಚುಮದ್ದು ಹಾಕಿಸುತ್ತಾರಂತೆ. ನಮ್ಮ ಹಿತ್ತಿಲ ಕೋಳಿಯನ್ನು ಮಾತ್ರ ಕೇಳುವವರಿಲ್ಲ. ಕೊಬ್ಬರಿಯ ದುಡ್ಡು ಗಂಡಸರ ಜೇಬಿಗೆ, ಮೊಟ್ಟೆಯ ದುಡ್ಡು ಹೆಂಗಸರ ಸೆರಗಿಗೆ. ಬಹುಶಃ ಕಾರಣ ಅಲ್ಲಿದೆ.

ಆದ್ದರಿಂದ ನನ್ನ ಸಲಹೆ ಇಷ್ಟೆ: ಒಬ್ಬೊಬ್ಬರೇ ಹಾಕಿಸುವ ಯೋಚನೆ ಬಿಡಿ, ಬೀದಿಗೆ ಬೀದಿಯೇ ಒಂದು ದಿನ ಗೊತ್ತುಮಾಡಿಕೊಳ್ಳಿ. ಮೊಜಾಂಬಿಕ್, ತಾಂಜಾನಿಯಾದ ಬಡ ಹಳ್ಳಿಗಳಲ್ಲಿ ಊರಿನವರಿಗೇ ತರಬೇತಿ ಕೊಟ್ಟು, ನಾಲ್ಕು ತಿಂಗಳಿಗೊಮ್ಮೆ ಮನೆಮನೆಯ ಕೋಳಿಗೆ ಕಣ್ಣಿನಲ್ಲಿ ಒಂದು ಹನಿ ಲಸಿಕೆ ಬಿಡಿಸುತ್ತಾ ಬಂದಿದ್ದಾರೆ. ನಮ್ಮಲ್ಲಿ ಸ್ತ್ರೀಶಕ್ತಿ ಸಂಘಗಳು ಇದ್ದೇ ಇವೆ. ಸಂಘದ ಸಭೆಯಲ್ಲಿ ಯಾರ ಮನೆಯಲ್ಲಿ ಎಷ್ಟು ಕೋಳಿ ಎಂದು ಬರೆದುಕೊಂಡರೆ ನೂರು ತುಂಬುವುದು ಕಷ್ಟವಲ್ಲ. ಆ ಪಟ್ಟಿಯನ್ನು ಪಶು ಆಸ್ಪತ್ರೆಗೆ ಒಯ್ಯಿರಿ. ನಾನು ಕೃಷಿ ಓದಿದವನೇ ಹೊರತು ಪಶುವೈದ್ಯನಲ್ಲ. ಯಾವ ಲಸಿಕೆ, ಯಾವಾಗ ಎಂಬುದನ್ನು ಅಲ್ಲಿಯೇ ಕೇಳಿ ತಿಳಿಯತಕ್ಕದ್ದು. ಸಾಮಾನ್ಯವಾಗಿ ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ತಿಂಗಳಾದಾಗ ಮತ್ತೊಮ್ಮೆ, ಎಂಟು ವಾರದ ಮೇಲೆ ರೆಕ್ಕೆಯ ಕೆಳಗೆ ಚುಚ್ಚುಮದ್ದು. ಮರಿಗಳಿಗೆ ಆ ಚುಚ್ಚುಮದ್ದು ಹಾಕಿಸಬೇಡಿ.

ಸೀಸೆಯನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲಿ ತನ್ನಿ. ಬಸ್ಸಿನಲ್ಲಿ ಜೇಬಿಗಿಟ್ಟುಕೊಂಡು ತಂದದ್ದು ಬರೀ ನೀರು. ಕೋಳಿ ಹೊರಬಿಟ್ಟರೆ ತೋಟವೆಲ್ಲ ಅಟ್ಟಾಡಿಸಬೇಕಾಗುತ್ತದೆ, ಬೆಳಗಿನ ಜಾವ ಮಕ್ಕರಿ ಎತ್ತುವ ಮುಂಚೆಯೇ ಕೆಲಸ ಮುಗಿಸಿ. ಕಾಯಿಲೆ ಬಿದ್ದ ಕೋಳಿಗೆ ಹಾಕಿಸಿ ಪ್ರಯೋಜನವಿಲ್ಲ.

ಇನ್ನೊಂದು ಮಾತು, ಕಹಿಯಾದರೂ ಹೇಳಲೇಬೇಕು. ಎರಡು ಕೋಳಿ ತೂಕಡಿಸಿದೊಡನೆ ಉಳಿದವನ್ನು ಸಂತೆಗೆ ಸಾಗಿಸುವ ರೂಢಿ ನಮ್ಮಲ್ಲಿದೆ. ನಾಲ್ಕು ಕಾಸು ಗಿಟ್ಟುತ್ತದೆ, ನಿಜ. ಆದರೆ ಹುಳಿಯಾರು ಸಂತೆಯಿಂದ ಆ ಕೋಳಿ ಕೊಂಡವನ ಊರಿಗೆಲ್ಲ ರೋಗ ಹೋಗುತ್ತದೆ. ಸತ್ತದ್ದನ್ನು ಕೆರೆಯಂಗಳಕ್ಕೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಿ. ಸಂತೆಯಿಂದಲೋ ನೆಂಟರ ಮನೆಯಿಂದಲೋ ತಂದ ಕೋಳಿಯನ್ನು ಎರಡು ವಾರ ಬೇರೆ ಕಟ್ಟಿ.

ವಾಚನಾಲಯದಲ್ಲಿ ಈ ಪುಟ ಓದುವವರು ಹೆಚ್ಚಾಗಿ ಗಂಡಸರು, ಕೋಳಿ ನೋಡಿಕೊಳ್ಳುವವರು ಹೆಂಗಸರು. ದಯವಿಟ್ಟು ಇವತ್ತು ಸಂಜೆ ಮನೆಯಲ್ಲಿ ಇದನ್ನು ಓದಿ ಹೇಳಿ.