ಪರದೆಯ ಮೇಲಿನ ಅತಿಥಿಗೂ ಪರವಾನಗಿಯೇ?

2019ರ ಮಾರ್ಚ್‌ನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ನಡೆದ ಆರ್‌ಎಸ್‌ಎ ಸಮ್ಮೇಳನದಲ್ಲಿ ವಿಚಿತ್ರ ಸನ್ನಿವೇಶವೊಂದು ಎದುರಾಯಿತು. ಗೂಢಲಿಪಿ ತಜ್ಞರ ಗೋಷ್ಠಿಯಲ್ಲಿ ಇರಬೇಕಾಗಿದ್ದ ಇಸ್ರೇಲಿನ ವಿಜ್ಞಾನಿ ಆದಿ ಶಮೀರ್ ವೇದಿಕೆಯ ಮೇಲಿರಲಿಲ್ಲ. ಸಭಿಕರು ಅವರನ್ನು ಕಂಡದ್ದು ಪರದೆಯ ಮೇಲೆ. ಅವರಿಗೆ ಅಮೆರಿಕದ ವೀಸಾ ದೊರೆತಿರಲಿಲ್ಲ. ವಿಪರ್ಯಾಸವೆಂದರೆ, ಆ ಸಮ್ಮೇಳನದ ಹೆಸರಿನಲ್ಲಿರುವ ‘ಎಸ್’ ಅಕ್ಷರ ಅವರದೇ. ರಿವೆಸ್ಟ್, ಶಮೀರ್ ಮತ್ತು ಏಡಲ್ಮನ್ 1977ರಲ್ಲಿ ಅಮೆರಿಕದ ಎಂಐಟಿಯಲ್ಲಿ ರೂಪಿಸಿದ ಗೂಢಲಿಪಿ ವಿಧಾನ ಅಂತರ್ಜಾಲದ ವಹಿವಾಟಿಗೆ ದಶಕಗಳ ಕಾಲ ಬುನಾದಿಯಾಯಿತು. ಅದಕ್ಕಾಗಿ ಮೂವರಿಗೂ 2002ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಇದು ಮೊದಲ ಪ್ರಸಂಗವೂ ಅಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಆವರಣದಲ್ಲಿ 1981ರಲ್ಲಿ ಆರಂಭವಾದ ‘ಕ್ರಿಪ್ಟೊ’ ಸಮ್ಮೇಳನ ಈ ಶಾಸ್ತ್ರದ ಅತ್ಯಂತ ಗೌರವಾನ್ವಿತ ವೇದಿಕೆಗಳಲ್ಲೊಂದು. 2013ರಲ್ಲಿ ವೀಸಾ ವಿಳಂಬದಿಂದಾಗಿ ಶಮೀರ್ ಅಲ್ಲಿಗೂ ಹೋಗಲಾಗಲಿಲ್ಲ. ಜಗತ್ತೇ ಬಲ್ಲ ವಿಜ್ಞಾನಿಯ ಪಾಡು ಹೀಗಾದರೆ, ಮೊದಲ ಪ್ರಬಂಧ ಮಂಡಿಸಲು ಹೊರಟ ಸಂಶೋಧನಾ ವಿದ್ಯಾರ್ಥಿಯ ಪಾಡೇನು? ಅಮೆರಿಕದ ವೀಸಾ ಸಂದರ್ಶನಕ್ಕೆಂದು ರಾತ್ರಿಯಿಡೀ ಪ್ರಯಾಣಿಸಿ ಚೆನ್ನೈನಲ್ಲಿ ಸಾಲುಗಟ್ಟಿ ನಿಂತ ಬೆಂಗಳೂರಿನ ತಲೆಮಾರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಂತಹ ಅಡೆತಡೆಗಳನ್ನು ದಾಟಲು ದೂರದಿಂದ ನೀಡುವ ಅತಿಥಿ ಉಪನ್ಯಾಸ ಒಂದು ದಾರಿ. 2020ರಲ್ಲಿ ಕೊರೊನಾ ಕಾರಣ ‘ಕ್ರಿಪ್ಟೊ’ ಸಮ್ಮೇಳನವೇ ಸಂಪೂರ್ಣವಾಗಿ ಅಂತರ್ಜಾಲಕ್ಕೆ ಸ್ಥಳಾಂತರಗೊಂಡಿತು. ಪಾಸ್‌ಪೋರ್ಟ್ ಇಲ್ಲದ, ವಿಮಾನದ ಟಿಕೆಟ್ ಕೊಳ್ಳಲಾಗದ ವಿದ್ಯಾರ್ಥಿಯೂ ಮನೆಯಲ್ಲೇ ಕುಳಿತು ಇಂತಹ ಉಪನ್ಯಾಸ ಕೇಳಬಹುದು ಎಂಬುದು ಆಗ ಎಲ್ಲರಿಗೂ ಮನದಟ್ಟಾಯಿತು.

ಆದರೆ ನಮ್ಮಲ್ಲಿ ಈ ದಾರಿಗೂ ಗೇಟು ಹಾಕುವ ಯತ್ನ ನಡೆದದ್ದನ್ನು ಮರೆಯಲಾಗದು. 2021ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಆದೇಶವೊಂದನ್ನು ಹೊರಡಿಸಿತು. ದೇಶದ ಭದ್ರತೆ, ಗಡಿ, ಈಶಾನ್ಯ ರಾಜ್ಯಗಳು, ಜಮ್ಮು–ಕಾಶ್ಮೀರ, ಲಡಾಖ್ ಅಥವಾ ದೇಶದ ಆಂತರಿಕ ವಿಷಯಗಳಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಆನ್‌ಲೈನ್ ಗೋಷ್ಠಿ ನಡೆಸಲು ಸರ್ಕಾರಿ ಅನುದಾನಿತ ವಿಶ್ವವಿದ್ಯಾಲಯಗಳು ಪೂರ್ವಾನುಮತಿ ಪಡೆಯಬೇಕೆಂಬುದು ಅದರ ಸಾರ. ಭಾಗವಹಿಸುವವರ ಪಟ್ಟಿಗೂ ಒಪ್ಪಿಗೆ ಬೇಕಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಮತ್ತು ದೆಹಲಿಯ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಇದನ್ನು ಪ್ರತಿಭಟಿಸಿದವು. ಮರುತಿಂಗಳೇ ಸರ್ಕಾರ ಆದೇಶವನ್ನು ಹಿಂತೆಗೆದುಕೊಂಡಿತು. ಆದೇಶ ಹೋಯಿತು ನಿಜ. ಅದರ ಹಿಂದಿದ್ದ ಮನೋಭಾವ ಹೋಯಿತೆಂದು ಹೇಳುವ ಧೈರ್ಯ ಯಾರಿಗಿದೆ?

ಕಂಪ್ಯೂಟರ್ ಸುರಕ್ಷತೆಯ ಅಧ್ಯಯನಕ್ಕೆ ಇಂತಹ ಮನೋಭಾವ ವಿಶೇಷವಾಗಿ ಅಪಾಯಕಾರಿ. ಬ್ಯಾಂಕಿನ ತಂತ್ರಾಂಶ, ವಿದ್ಯುತ್ ಜಾಲ, ಗುರುತಿನ ಚೀಟಿಯ ದತ್ತಾಂಶ ಇವೆಲ್ಲ ಆ ಅಧ್ಯಯನದ ವಸ್ತುಗಳೇ. ಇವುಗಳಲ್ಲಿ ಯಾವುದನ್ನು ಬೇಕಾದರೂ ‘ದೇಶದ ಭದ್ರತೆ’ಯ ಶೀರ್ಷಿಕೆಯಡಿ ತರಬಹುದು. ಯಾವ ಉಪನ್ಯಾಸ ನಿಯಮದ ಒಳಗೆ, ಯಾವುದು ಹೊರಗೆ ಎಂಬುದು ಸ್ಪಷ್ಟವಿಲ್ಲದಿದ್ದಾಗ ವಿಭಾಗದ ಮುಖ್ಯಸ್ಥರು ‘ಯಾಕೆ ಬೇಕು ತಂಟೆ’ ಎಂದು ಅತಿಥಿಯನ್ನು ಕರೆಯುವುದನ್ನೇ ಕೈಬಿಡುತ್ತಾರೆ. ಕಡತದಲ್ಲಿ ನಿರಾಕರಣೆಯ ಒಂದು ಸಾಲೂ ಇರುವುದಿಲ್ಲ. ಉಪನ್ಯಾಸ ಮಾತ್ರ ನಡೆದಿರುವುದಿಲ್ಲ.

ಭದ್ರತೆಯ ವಿಚಾರವನ್ನು ಪರದೇಶದವರ ಮುಂದೆ ಚರ್ಚಿಸಬೇಕೆ ಎಂಬ ಪ್ರಶ್ನೆ ಸಹಜವೇ. ಸೇನೆಯ ರಹಸ್ಯಗಳನ್ನು ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಬಿಚ್ಚಿಡಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ರಹಸ್ಯ ಬೇರೆ, ಶಾಸ್ತ್ರ ಬೇರೆ. ಬೀಗದ ಕೈ ಮಾತ್ರ ಗುಟ್ಟಾಗಿರಬೇಕು, ಬೀಗದ ರಚನೆ ಶತ್ರುವಿಗೆ ತಿಳಿದರೂ ಅದು ಭದ್ರವಾಗಿರಬೇಕು ಎಂಬರ್ಥದ ಸೂತ್ರವನ್ನು ಔಗುಸ್ಟ್ ಕೆರ್ಕ್‌ಹಾಫ್ಸ್ 1883ರಲ್ಲೇ ಮಂಡಿಸಿದ್ದರು. ಅವರು ಅದನ್ನು ಹೇಳಿದ್ದು ಸೇನಾ ಸಂವಹನದ ಕುರಿತೇ. ಅಮೆರಿಕ ಸರ್ಕಾರ 1997ರಲ್ಲಿ ಹೊಸ ಗೂಢಲಿಪಿ ಮಾನದಂಡಕ್ಕಾಗಿ ಬಹಿರಂಗ ಸ್ಪರ್ಧೆ ಏರ್ಪಡಿಸಿ, ಸಲ್ಲಿಕೆಯಾದ ವಿನ್ಯಾಸಗಳನ್ನು ಜಗತ್ತಿನ ತಜ್ಞರ ವಿಮರ್ಶೆಗೆ ಒಡ್ಡಿತು. 2000ದಲ್ಲಿ ಆಯ್ಕೆಯಾದದ್ದು ಬೆಲ್ಜಿಯಂನ ಯೋನ್ ಡೇಮನ್ ಮತ್ತು ವಿನ್ಸೆಂಟ್ ರೈಮನ್ ರೂಪಿಸಿದ ವಿಧಾನ. ವಿದೇಶಿಯರ ವಿನ್ಯಾಸವೆಂದು ಆ ದೇಶ ಹಿಂಜರಿಯಲಿಲ್ಲ. ಎಲ್ಲರೂ ಒಡೆಯಲು ಯತ್ನಿಸಿ ಸೋತದ್ದೇ ಅದರ ಅರ್ಹತೆಯಾಗಿತ್ತು. ಲೋಪವನ್ನು ಮೊದಲು ಅಧ್ಯಾಪಕನ ಬಾಯಿಂದ ಕೇಳುವುದು ಲೇಸು. ಇಲ್ಲವಾದರೆ ಅದು ಕಳ್ಳನ ಕೃತ್ಯದಿಂದಲೇ ಗೊತ್ತಾಗುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕಿದರೆ ಫಲವೇನು?

ದೂರದ ಉಪನ್ಯಾಸವೇ ಸರ್ವಸ್ವವಲ್ಲ. ಕಾಫಿ ವಿರಾಮದಲ್ಲಿ ಹುಟ್ಟುವ ಸ್ನೇಹ, ಊಟದ ಸಾಲಿನಲ್ಲಿ ಹೊಳೆಯುವ ಪ್ರಶ್ನೆ ಪರದೆಯಲ್ಲಿ ದಕ್ಕುವುದಿಲ್ಲ. 2013ರ ಡಿಸೆಂಬರ್‌ನಲ್ಲಿ ‘ಏಷ್ಯಾಕ್ರಿಪ್ಟ್’ ಸಮ್ಮೇಳನ ಬೆಂಗಳೂರಿನಲ್ಲೇ ನಡೆದಿತ್ತು. ಅಂಥವು ಇನ್ನಷ್ಟು ನಡೆಯಬೇಕು. ‘ವಿಡಿಯೊದಲ್ಲಿ ಮಾತನಾಡಬಹುದಲ್ಲ’ ಎಂಬುದು ವೀಸಾ ನಿರಾಕರಣೆಗೆ ನೆಪವಾಗಬಾರದು.

ಕರ್ನಾಟಕಕ್ಕೆ ಈ ಪದ್ಧತಿ ಹೊಸದೇನಲ್ಲ. 2004ರಲ್ಲಿ ಉಡಾವಣೆಯಾದ ‘ಎಜುಸ್ಯಾಟ್’ ಉಪಗ್ರಹದ ಮೂಲಕ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಿಗೆ ಪಾಠ ತಲುಪಿಸುವ ಪ್ರಯೋಗವನ್ನು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ನಡೆಸಿತ್ತು. ಅಂದು ಬೇಕಾಗಿದ್ದ ಆ ದೊಡ್ಡ ವ್ಯವಸ್ಥೆಯ ಜಾಗದಲ್ಲಿ ಇಂದು ಒಂದು ಲ್ಯಾಪ್‌ಟಾಪ್ ಸಾಕು.

ಆದ್ದರಿಂದ ಆಗಬೇಕಾದದ್ದು ಇಷ್ಟು. ಕೇಂದ್ರ ಸರ್ಕಾರ, ಶೈಕ್ಷಣಿಕ ಉಪನ್ಯಾಸಕ್ಕೆ ಪೂರ್ವಾನುಮತಿ ಬೇಕಿಲ್ಲವೆಂದು ಲಿಖಿತವಾಗಿ ಸ್ಪಷ್ಟಪಡಿಸಲಿ. ನಮ್ಮಲ್ಲಿಗೆ ಬರಬಯಸುವ ವಿದ್ವಾಂಸರಿಗೆ ಸಕಾಲದಲ್ಲಿ ವೀಸಾ ನೀಡಲಿ. ವಿಶ್ವವಿದ್ಯಾಲಯಗಳು ಅತಿಥಿ ಉಪನ್ಯಾಸಕ್ಕೆ ವೇಳಾಪಟ್ಟಿಯಲ್ಲಿ ಜಾಗ ಕೊಟ್ಟು, ಅರ್ಧ ಹೊತ್ತನ್ನಾದರೂ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಮೀಸಲಿಡಲಿ. ಕಲಬುರಗಿಯ ವಿದ್ಯಾರ್ಥಿನಿಯೊಬ್ಬಳು ಹೈಫಾದ ಅಥವಾ ಲಾಹೋರಿನ ಪ್ರಾಧ್ಯಾಪಕರನ್ನು ನೇರವಾಗಿ ಪ್ರಶ್ನಿಸಿದರೆ ದೇಶಕ್ಕೆ ಕುಂದಿಲ್ಲ. ನಾಳೆ ನಮ್ಮ ಬ್ಯಾಂಕುಗಳನ್ನು ಕಾಯಬೇಕಾದವಳು ಅವಳೇ.